ಅಜ್ಜನ ಉಂಗುರದ ಗುಳಿಗಳು

ಅರಾಬಾ ಒಂದೇ ಸಮನೆ ಉಜ್ಜುತ್ತಿದ್ದಳು. ಕೈಯಲ್ಲಿ ಗರಗತ್ತಿ ಎಲೆ, ಬೆಕ್ಕಿನ ನಾಲಿಗೆಯಂತೆ ಒರಟು. ಮುಂದೆ ಅಜ್ಜನ ಗ್ರಾಮಫೋನಿನ ಮರದ ಪೆಟ್ಟಿಗೆ, ಅವಳ ಎದೆಯೆತ್ತರ. ಬಡಗಿ ಕೊಬಿನಾ ಚಿಕ್ಕಪ್ಪ ಯಂತ್ರವನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಊಟ ತರಲು ಹೋಗಿದ್ದ.

ಅಜ್ಜ ತೀರಿಕೊಂಡ ಮೇಲೆ ಆ ಪೆಟ್ಟಿಗೆ ಹಾಡಿರಲಿಲ್ಲ. ನಾಳೆ ಬೆಳಗ್ಗೆ ಪುಟ್ಟ ತಮ್ಮನನ್ನು ಮೊದಲ ಸಲ ಮನೆಯಿಂದ ಹೊರಗೆ ತಂದು, ಆಕಾಶ ತೋರಿಸಿ, ಹೆಸರಿಡುವುದಿತ್ತು. ಆಗ ಅದು ಹಾಡಲೇಬೇಕೆಂದು ಅಜ್ಜಿ ಹಟ ಹಿಡಿದಿದ್ದಳು.

ಹಳೆಯ ಕಪ್ಪು ಹೋಗಿ ಕೆಂಪು ಮರ ಕಂಡಿತು. ಬಲಗಡೆ ಮಾತ್ರ ಪುಟ್ಟ ಪುಟ್ಟ ಗುಳಿಗಳು, ಕೋಳಿ ಕುಕ್ಕಿದ ಹಾಗೆ. ಅರಾಬಾ ಮರದ ಹುಡಿಗೆ ಅಂಟು ಕಲಸಿ ಒಂದೊಂದನ್ನೂ ತುಂಬಿದಳು. ಒಣಗಿದ ಮೇಲೆ ಮತ್ತೆ ಉಜ್ಜಿ, ಕೆನ್ನೆ ಆನಿಸಿ ನೋಡಿದಳು. ಎಷ್ಟು ನುಣುಪು!

ಸೆಕೊಂಡಿಯ ಮೀನುಪೇಟೆಯಿಂದ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ, ಹುರಿದ ಮೀನು ಹಿಡಿದು ಬಂದ ಚಿಕ್ಕಪ್ಪ ಪೆಟ್ಟಿಗೆಯ ಮೇಲೆ ಕೈಯಾಡಿಸಿದ.

“ಇಲ್ಲಿದ್ದ ಗುಳಿಗಳೆಲ್ಲ ಎಲ್ಲಿ?”

“ಮುಚ್ಚಿಬಿಟ್ಟೆ. ಗೊತ್ತೇ ಆಗಲ್ಲ ಅಲ್ವಾ ಚಿಕ್ಕಪ್ಪ?”

ಅವನು ಊಟದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟ. ಆಮೇಲೆ ಹೇಳಿದ. ರೆಕಾರ್ಡ್ ಹಾಕಿದಾಗಲೆಲ್ಲ ಅಜ್ಜ ಅಲ್ಲೇ ನಿಂತು ಉಂಗುರದಿಂದ ಟಕ್ ಟಕ್ ಎಂದು ತಾಳ ಕುಟ್ಟುತ್ತಿದ್ದನಂತೆ. ಪೆಟ್ಟಿಗೆ ಹಾಳಾಯಿತು ಎಂದು ಅಜ್ಜಿ ಬೈಯುತ್ತಲೇ ಕುಣಿಯುತ್ತಿದ್ದಳಂತೆ.

ಅರಾಬಾ ಮೊಳೆ ತೆಗೆದುಕೊಂಡು ಕೆರೆಯಹೊರಟಳು. ಚಿಕ್ಕಪ್ಪ ಕೈ ಹಿಡಿದ.

“ಬೇಡ ಕಣೇ. ಈಗ ಕೆರೆದ್ರೆ ಅದು ಮೊಳೆ ಗುಳಿ ಆಗುತ್ತೆ, ನಿಮ್ಮಜ್ಜಂದಾಗಲ್ಲ.”

ಅವಳು ಮೀನು ಬದಿಗಿಟ್ಟು, ಚಿಕ್ಕಪ್ಪ ಯಂತ್ರ ಕೂಡಿಸಿ ಪೆಟ್ಟಿಗೆಗೆ ಪಾಲಿಶ್ ಬಳಿಯುವುದನ್ನೇ ನೋಡುತ್ತ ಕೂತಳು. ಅಜ್ಜಿಗೆ ಗೊತ್ತಾದರೆ? ಪಾಲಿಶ್ ಹೊಳೆಯುತ್ತಿದ್ದರೆ ಗೊತ್ತಾಗಲಿಕ್ಕಿಲ್ಲವೇನೋ.

ಮರುದಿನ ಅಂಗಳದ ತುಂಬ ಬಿಳಿ ಬಟ್ಟೆಯ ಜನ, ನಡುವೆ ಪೆಟ್ಟಿಗೆ. ಹಿರಿಯರೊಬ್ಬರು ಮಗುವಿನ ನಾಲಿಗೆಗೆ ಒಂದು ಹನಿ ನೀರು ಮುಟ್ಟಿಸಿದರು.

“ನೀನು ನೀರು ಅಂದ್ರೆ ಅದು ನೀರೇ ಆಗಿರ್ಲಿ ಮಗು.”

ಮತ್ತೆ ಒಂದು ಹನಿ ಜಿನ್ ಮದ್ಯ, ಅದನ್ನೂ ಜಿನ್ ಎಂದೇ ನಿಜ ಹೇಳಲಿ ಎಂದು. ಮಗು ಮುಖ ಕಿವುಚಿತು, ಎಲ್ಲರೂ ನಕ್ಕರು. ಮಗುವಿಗೆ ಅಜ್ಜನ ಹೆಸರನ್ನೇ ಇಟ್ಟರು. ಅರಾಬಾ ಮಾತ್ರ ನಗಲಿಲ್ಲ. ಅಜ್ಜಿಯ ಬಳಿ ಹೋಗಿ ಸೆರಗು ಜಗ್ಗಿದಳು.

“ಅಜ್ಜೀ, ಅಜ್ಜನ ಗುಳಿಗಳನ್ನ ನಾನು ಮುಚ್ಚಿಬಿಟ್ಟೆ. ನಂಗೆ ಗೊತ್ತಿರ್ಲಿಲ್ಲ.”

ಅಜ್ಜಿ ಎದ್ದು ಹೋಗಿ ಪೆಟ್ಟಿಗೆಯ ಬಲಗಡೆ ಬೆರಳಾಡಿಸಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಏನೂ ಸಿಗಲಿಲ್ಲ. ಚಿಕ್ಕಪ್ಪ ಕೀ ತಿರುಗಿಸಿ ರೆಕಾರ್ಡ್ ಮೇಲೆ ಮುಳ್ಳು ಇಟ್ಟ. ಕರಕರ ಎಂದಿತು, ಆಮೇಲೆ ತುತ್ತೂರಿ ಮೊಳಗಿತು.

ಅಜ್ಜಿಯ ಹೆಬ್ಬೆರಳಲ್ಲಿ ಅಜ್ಜನ ದಪ್ಪ ಉಂಗುರವಿತ್ತು. ಅವಳು ಕೈ ಎತ್ತಿ ಕುಟ್ಟಿದಳು. ಟಕ್. ಟಕ್ ಟಕ್.

“ನಿಮ್ಮಜ್ಜನ ತಾಳ ಯಾವತ್ತೂ ಒಂದು ಪೆಟ್ಟು ಮುಂದೆ ಓಡ್ತಿತ್ತು,” ಎಂದಳು. “ಸರಿಯಾದ್ದು ಹೇಗಿರುತ್ತೆ ಕೇಳು.”

ಹೊಳೆಯುವ ಮರದಲ್ಲಿ ಒಂದು ಪುಟ್ಟ ಹೊಸ ಗುಳಿ ಬಿದ್ದಿತ್ತು. ಅರಾಬಾ ಅದನ್ನು ಮುಟ್ಟಿ ನೋಡಿದಳು. ಈ ಸಲ ಅವಳ ಕೈ ಗರಗತ್ತಿ ಎಲೆ ಹುಡುಕಲಿಲ್ಲ. ಅಜ್ಜಿ ಉಂಗುರ ಬಿಚ್ಚಿ ಅವಳ ಹೆಬ್ಬೆರಳಿಗೆ ಹಾಕಿದಳು. ಟಕ್. ಟಕ್ ಟಕ್. ಅಂಗಳವೆಲ್ಲ ಕುಣಿಯತೊಡಗಿತು.

“ಪಾಲಿಶ್ ಇನ್ನೂ ಹಸಿ ಇದೆ,” ಎಂದ ಚಿಕ್ಕಪ್ಪ. “ಸ್ವಲ್ಪ ಮೆಲ್ಲಗೆ ಕುಟ್ಟಿ.”