ಬೆಳಿಗ್ಗೆ ಆರರ ನಲವತ್ತೊಂದು ಸಾಲು

ಕಳೆದುಹೋದ ಸಾಮಾನಿನ ವಿಭಾಗದಲ್ಲಿ ಅವಳ ಕೆಲಸ ಒಂದೇ: ರೈಲಿನಲ್ಲಿ ಸಿಕ್ಕ ಕೊಡೆ, ಚೀಲ, ಕನ್ನಡಕಗಳನ್ನು ಜನ ಟೈಪ್ ಮಾಡಿ ಕಳಿಸಿದ ದೂರುಗಳೊಡನೆ ಕಂಪ್ಯೂಟರಿನಲ್ಲಿ ಜೋಡಿಸುವುದು. ಒಂದು ತಿಂಗಳಿಂದ ಅವಳು ಬರುವ ಮೊದಲೇ ಯಾರೋ ಒಂದೆರಡನ್ನು ಜೋಡಿಸಿಡುತ್ತಿದ್ದರು. ಪಟ್ಟಿಯ ಹೊಣೆ ಹೊತ್ತ ಹೆಸರು ಮಾತ್ರ ಅವಳದೇ. ಒಂದು ಸಾಮಾನು ತಪ್ಪು ಕೈ ಸೇರಿದರೂ ಅವಳ ನೌಕರಿಗೆ ಕುತ್ತು.

ಅನುಮಾನ ನೆಟ್ಟಗೆ ಹೋಗಿ ನಿಂತದ್ದು ಕಂಪ್ಯೂಟರ್ ನೋಡಿಕೊಳ್ಳುವವನ ಮೇಲೆ. ಎದುರು ಸಿಕ್ಕಾಗಲೆಲ್ಲ ನಗುತ್ತಾನೆ. ಕಾರಣವಿಲ್ಲದೆ ನಗುವವರನ್ನು ನಂಬಬಾರದು. ಆ ನಗು ಊಟದ ಹೊತ್ತಿಗೂ ನೆನಪಾಗುತ್ತದಲ್ಲ, ಅದಕ್ಕಂತೂ ಖಂಡಿತ ನಂಬಬಾರದು.

ಯಾರು ಯಾವಾಗ ಏನು ಮುಟ್ಟಿದರೆಂದು ಬರೆದಿಡುವ ಲಾಗ್‌ನಲ್ಲಿ ಅವನ ಲಾಗಿನ್ ಹುಡುಕಿದಳು. ಸೊನ್ನೆ.

ಅವನ ಮೇಲೆ ಮೇಲಿನವರಿಗೆ ಬರೆದ ದೂರಿನ ಪತ್ರ ಹಿಡಿದೇ ಅವನನ್ನು ಕರೆಸಿದಳು. "ಎಲ್ಲಾ ಅಳಿಸಿಬಿಟ್ರಾ?"

ಅವನು ಕಂಪ್ಯೂಟರಿನ ತೆರೆಯತ್ತ ಬಾಗಿದ. "ನೀವು ಸಣ್ಣಕ್ಷರದಲ್ಲಿ ಹುಡುಕಿದ್ದೀರಿ. ಲಾಗ್ ಬರಿಯೋದು ಕ್ಯಾಪಿಟಲ್‌ನಲ್ಲಿ. ಈ ಪೆದ್ದು ಕಂಪ್ಯೂಟರಿಗೆ ಎರಡೂ ಬೇರೆ ಬೇರೆ."

"ಹಾಗಾದ್ರೆ?"

ಅವನು ಅವಳ ಕೈಯ ಪತ್ರ ನೋಡಿದ. "ಹುಡುಕೋ ಜಾಗದಲ್ಲಿ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಅಂತಿದೆಯಲ್ಲ, ಅದನ್ನ ಆರಿಸಿ. ಎರಡು ಓರೆಗೆರೆ ನಡುವೆ ನನ್ನ ಲಾಗಿನ್, ಕೊನೆಗೊಂದು ಇಂಗ್ಲಿಷ್ 'ಐ'. ಆಮೇಲೆ ದೊಡ್ಡದು ಚಿಕ್ಕದು ಅಂತ ನೋಡಲ್ಲ, ಎಲ್ಲಾ ಹಿಡಿಯುತ್ತೆ" ಎಂದ.

"ನಿಮ್ಮನ್ನೂ?"

"ನನ್ನನ್ನೂ."

ಒತ್ತಿದಳು. ನಲವತ್ತೊಂದು ಸಾಲು, ಎಲ್ಲವೂ ಬೆಳಿಗ್ಗೆ ಆರರವು.

ತಪ್ಪು ಹುಡುಕಲೆಂದೇ ಒಂದೊಂದಾಗಿ ತೆರೆದಳು. ಒಂದೂ ಸಿಗಲಿಲ್ಲ. ಎಲ್ಲವೂ ಜನ ಅವಸರದಲ್ಲಿ ಕ್ಯಾಪಿಟಲ್‌ನಲ್ಲಿ ಕುಟ್ಟಿದ ದೂರುಗಳು. ಅವಳು ಸಣ್ಣಕ್ಷರದಲ್ಲಿ ಹುಡುಕಿ ಇಲ್ಲವೆಂದು ಬಿಟ್ಟಿದ್ದವು.

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಬಂದಿದ್ದೆ. 'ನನ್ನ ಕೆಲಸ ನಂಗೆ ಗೊತ್ತು, ನಡೀರಿ' ಅಂದ್ರಿ. ಮತ್ತೆ ಬರೋಕೆ ಧೈರ್ಯ ಸಾಲ್ಲಿಲ್ಲ. ಸಾಮಾನು ಹಾಗೇ ಉಳೀತು ಅಂತ ನಿಮಗೆ ಮೇಲಿನವರು ಬೈಯೋದನ್ನ ಕೇಳೋಕೂ ಆಗ್ಲಿಲ್ಲ."

ಅವಳ ಕಿವಿ ಬೆಚ್ಚಗಾಯಿತು. "ಬರೀ ಅಷ್ಟಕ್ಕೆ ಆರು ಗಂಟೆಗೆ ಬರ್ತಾರಾ ಯಾರಾದ್ರೂ?"

"ಇಲ್ಲ. ಬರೀ ಅಷ್ಟಕ್ಕೆ ಯಾರೂ ಬರಲ್ಲ."

ನೋಟ ತಪ್ಪಿಸಲು ಅವನಿಗೆ ಗೋಡೆ ಸಿಗಲಿಲ್ಲ, ಅವಳಿಗೆ ತೆರೆ ಸಿಗಲಿಲ್ಲ.

ಪತ್ರವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಹರಿಯಲಿಲ್ಲ. "ನಾಳೆ ಆರಕ್ಕೆ ನಾನೂ ಬರ್ತೀನಿ. ಪಕ್ಕದಲ್ಲೇ ಕೂತು ನೋಡ್ತೀನಿ. ನಂಬಿಕೆ ಬರೋವರೆಗೂ, ದಿನಾ."

"ದೇವರೇ," ಎಂದ ಅವನು, ನಗು ತಡೆಯುತ್ತ, "ಆ ನಂಬಿಕೆ ನಿಧಾನಕ್ಕೆ ಬರ್ಲಪ್ಪಾ."