ಇದೇ ಕೊನೇ ಶಿಖರ

ಬೆಟ್ಟದ ಬುಡದ ಠಾಣೆಗೆ ದೂರು ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ. ದೂರು ಕೊಟ್ಟವಳು ಸತ್ತವನ ಅಕ್ಕ. ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಬಂದಿದ್ದಳು. ಕಣ್ಣು ಊದಿಕೊಂಡಿದ್ದರೂ ಮಾತು ಗಟ್ಟಿಯಾಗಿತ್ತು.

"ಆ ಗೈಡೇ ನನ್ನ ತಮ್ಮನನ್ನ ಕೊಂದಿದ್ದು. ಬರ್ಕೊಳ್ಳಿ," ಎಂದಳು. "ಮೊದಲನೇ ಶಿಬಿರದಿಂದಲೇ ಅವನಿಗೆ ತಲೆ ಸಿಡೀತಿತ್ತು. ತಲೆನೋವು ಬಂದವರನ್ನ ಕೆಳಗೆ ಕಳಿಸಬೇಕು ಅಂತ ರೂಲ್ಸ್ ಇದೆ. ಯಾಕೆ ಕಳಿಸಲಿಲ್ಲ? ಕೇಳಿ ಅವನನ್ನ!"

ಮಹಿಳಾ ಪೇದೆ ಬರೆದುಕೊಂಡಳು. ಎಫ್‌ಐಆರ್ ದಾಖಲಾಯಿತು. ಐದು ದಿನ ಹತ್ತಿದ ಮೇಲೆ, ತುದಿಗೆ ಇನ್ನೊಂದೇ ಏರು ಉಳಿದಿರುವಾಗ, ಕೊನೆಯ ಶಿಬಿರದಲ್ಲಿ ಅವಳ ತಮ್ಮ ಪ್ರಾಣ ಬಿಟ್ಟಿದ್ದ. ಎತ್ತರ ತಾಳದೆ ಮಿದುಳು ಊದಿಕೊಂಡಿತ್ತೆಂದು ಮರಣೋತ್ತರ ಪರೀಕ್ಷೆ ಹೇಳಿತು.

ಇನ್‌ಸ್ಪೆಕ್ಟರಿಗೆ ಬೆಟ್ಟವೆಂದರೆ ಅಷ್ಟಕ್ಕಷ್ಟೆ. ಠಾಣೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬಿಡುವ ಮನುಷ್ಯ ಅವರು. ಉಸಿರೇ ಸಿಗದ ಜಾಗಕ್ಕೆ ಜನ ರಜೆ ಹಾಕಿಕೊಂಡು ಹೋಗುವುದು ಅವರ ತಲೆಗೆ ಎಂದೂ ಹತ್ತಿದ್ದಿಲ್ಲ. ಮೇಲಧಿಕಾರಿ ಆಗಲೇ ಎರಡು ಸಲ ಫೋನ್ ಮಾಡಿ, ಗೈಡನ್ನು ಇನ್ನೂ ಒಳಗೆ ಹಾಕಿಲ್ಲವೇ ಎಂದು ಕೇಳಿಯಾಗಿತ್ತು.

ಗೈಡ್ ಎದುರಿನ ಬೆಂಚಿನ ಮೇಲೆ ಕುಗ್ಗಿ ಕೂತಿದ್ದ. ಹೆಣವನ್ನು ಹೊತ್ತು ಇಳಿಸಿದವರಲ್ಲಿ ಅವನೂ ಒಬ್ಬ. ಹಗ್ಗ ಒತ್ತಿದ ಗುರುತು ಕುತ್ತಿಗೆಯ ಹತ್ತಿರ ಇನ್ನೂ ಕೆಂಪಗಿತ್ತು.

"ಕೆಳಗೆ ಯಾಕೆ ಕಳಿಸಲಿಲ್ಲ?"

"ಹೇಳಿದ್ರೆ ತಾನೇ ಸಾರ್ ಕಳಿಸೋದು? ದಿನಾ ಸಂಜೆ ಒಬ್ಬೊಬ್ಬರನ್ನೂ ಕೇಳ್ತೀನಿ, ತಲೆನೋವಾ, ವಾಂತಿನಾ ಅಂತ. ಅವರು ನಗ್ತಿದ್ರು. ಇವರೇ ಎಲ್ಲರಿಗಿಂತ ಗಟ್ಟಿ ಅಂದ್ಕೊಂಡಿದ್ದೆ."

"ಎತ್ತರ ತಾಳೋಕೆ ಮಾತ್ರೆ ಏನಾದ್ರೂ ತಗೊಳ್ತಿದ್ನಾ?"

"ಬೆಳಿಗ್ಗೆ ಸಂಜೆ ನನ್ನೆದುರೇ ನುಂಗ್ತಿದ್ರು. ಆದ್ರೆ ಒಂದು ವಿಚಿತ್ರ ಸಾರ್. ಎತ್ತರಕ್ಕೆ ಅಂತ ಕೊಡೋ ಆ ಮಾತ್ರೆ ನುಂಗಿದ್ರೆ ರಾತ್ರಿಯೆಲ್ಲ ಮೂತ್ರದ ಕಾಟ. ಎಲ್ಲರೂ ಚಳೀಲಿ ನಡುಗ್ತಾ ಗುಡಾರದ ಒಳಗೂ ಹೊರಗೂ ಓಡಾಡ್ತಿದ್ರೆ, ಇವರೊಬ್ಬರು ಏಳ್ತಾನೇ ಇರಲಿಲ್ಲ. ಹೊಟ್ಟೇಲೇನು ಟ್ಯಾಂಕ್ ಕಟ್ಟಿಸಿದೀರಾ ಅಂತ ರೇಗಿಸ್ತಿದ್ವಿ."

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟು ಸತ್ತವನ ಚೀಲ ತರಿಸಿದರು.

ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಚೀಲ ಬಿಚ್ಚಿ ಪಂಚನಾಮೆ ಬರೆದರು. ಒದ್ದೆ ಸಾಕ್ಸ್, ಟಾರ್ಚು, ಮುಚ್ಚಳದ ಮೇಲೆ 'ಎತ್ತರಕ್ಕೆ' ಎಂದು ಚೀಟಿ ಅಂಟಿಸಿದ ಪುಟ್ಟ ಡಬ್ಬಿ. ಅದರಲ್ಲಿ ಉಳಿದಿದ್ದ ಬಿಳಿ ಮಾತ್ರೆಗಳನ್ನು ಪರೀಕ್ಷೆಗೆ ಕಳಿಸಲು ಮೊಹರು ಮಾಡುವ ಮುನ್ನ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದರು.

"ಇದು ಆ ಮಾತ್ರೆಯೇ ಅಲ್ಲ," ಎಂದರು ಡಾಕ್ಟರು. "ಮೂಳೆಗೆ ಕೊಡೋ ಕ್ಯಾಲ್ಸಿಯಂ. ನೋಡೋಕೆ ಎರಡೂ ಬಿಳಿ, ಎರಡೂ ಗುಂಡಗೆ."

ಸತ್ತವನ ಜೊತೆ ಒಂದೇ ಗುಡಾರದಲ್ಲಿದ್ದ ಗೆಳೆಯ ಅದೇ ಆಸ್ಪತ್ರೆಯಲ್ಲಿದ್ದ. ಹಿಮದಲ್ಲಿ ಮರಗಟ್ಟಿದ ಕಾಲ್ಬೆರಳುಗಳಿಗೆ ಪಟ್ಟಿ ಕಟ್ಟಿದ್ದರು.

"ಮಾತ್ರೆ ಡಬ್ಬಿ ತುಂಬಿದ್ದು ಯಾರು?"

"ಅವನ ಅಕ್ಕ ಸಾರ್. ಚೀಲ ಜೋಡಿಸೋದೆಲ್ಲ ಅವರೇ. ತನ್ನ ಸಾಕ್ಸ್ ಎಲ್ಲಿದೆ ಅಂತಾನೂ ಇವನಿಗೆ ಗೊತ್ತಿರ್ತಿರಲಿಲ್ಲ."

"ಅವನಿಗೆ ತಲೆನೋವಿತ್ತಂತಲ್ಲ?"

"ಕೊನೇ ರಾತ್ರಿ ನನಗೊಬ್ಬನಿಗೇ ಹೇಳಿದ. ಮೊದಲನೇ ಶಿಬಿರದಿಂದಲೇ ಇದೆ, ಗೈಡಿಗೆ ಹೇಳಬೇಡ ಅಂದ. 'ಈ ಸಲ ತುದಿ ಮುಟ್ಟದೆ ಇಳಿದ್ರೆ ಮತ್ತೆ ಬರಬೇಕು ಅನ್ನಿಸುತ್ತೆ ಕಣೋ. ಇದೇ ಕೊನೆ ಅಂತ ಅಕ್ಕನಿಗೆ ಮಾತು ಕೊಟ್ಟಿದೀನಿ' ಅಂದ. ಬೆಳಗಾಗೋದ್ರೊಳಗೆ ಎಚ್ಚರ ತಪ್ಪಿತ್ತು."

"ಇದನ್ನ ಬೇರೆ ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ? ಆಗಲೇ ಬಾಯಿ ಬಿಟ್ಟಿದ್ರೆ ಬದುಕ್ತಿದ್ದ."

ಹೊರಗೆ ಬಂದ ಮೇಲೆ ಮಹಿಳಾ ಪೇದೆ ಮೆಲ್ಲಗೆ ಕೇಳಿದಳು. "ಸಾರ್, ಬೆಟ್ಟದ ಮೇಲೆ ಫೋನೇ ಸಿಗಲ್ಲ. ಇವರೂ ಯಾರಿಗೂ ಹೇಳಿಲ್ಲ. ಮೊದಲನೇ ಶಿಬಿರದಿಂದ ತಲೆನೋವು ಅಂತ ಅವರಕ್ಕನಿಗೆ ಹೇಗೆ ಗೊತ್ತಾಯ್ತು?"

ಇನ್‌ಸ್ಪೆಕ್ಟರ ತಲೆಯಲ್ಲೂ ಅದೇ ಕೊರೆಯುತ್ತಿತ್ತು. ಕೇಸು ಬಗೆಹರಿದ ದಿನ ಅವರಿಗೆ ಚೆನ್ನಾಗಿ ಹಸಿವಾಗುವುದು ವಾಡಿಕೆ. ಅಂದು ಕ್ಯಾಂಟೀನಿನ ಚಹಾ ಕೂಡ ಇಳಿಯಲಿಲ್ಲ.

ಅಕ್ಕ ಇಳಿದುಕೊಂಡಿದ್ದ ಲಾಡ್ಜಿನ ಕೋಣೆಯ ಕಿಟಕಿಗೆ ಬೆಟ್ಟ ನೇರ ಕಾಣುತ್ತಿತ್ತು. ಅವಳು ಪರದೆ ಎಳೆದಿದ್ದಳು. ತಮ್ಮನಿಗೆ ತೊಡಿಸಲೆಂದು ತಂದ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಮೇಜಿನ ಮೇಲೆ ಕ್ಯಾಲ್ಸಿಯಂ ಬಾಟಲಿ ಇತ್ತು.

"ಮಂಡಿನೋವಾಮ್ಮ?"

"ಹೂಂ."

"ಆ ಬಾಟಲಿ ಕೊಡಿ ಇಲ್ಲಿ."

ಅವಳು ಅವರ ಮುಖವನ್ನೇ ನೋಡಿದಳು. ಬಾಟಲಿ ಕೊಟ್ಟು, ಕೇಳುವ ಮೊದಲೇ ಹೇಳಿದಳು: "ಅವನ ಮಾತ್ರೆ ಅದರಲ್ಲಿದೆ. ಡಾಕ್ಟರು ಬರೆದಿದ್ದು, ಎಸೆಯೋಕೆ ಮನಸ್ಸು ಬರಲಿಲ್ಲ."

"ಯಾಕೆ ಬದಲಾಯಿಸಿದ್ರಿ?"

"ಅವನು ಬೆಟ್ಟಕ್ಕೆ ಹೊರಟ್ರೆ ವಾಪಸ್ ಬರೋವರೆಗೂ ನನಗೆ ತುತ್ತು ಇಳೀತಿರಲಿಲ್ಲ ಸಾರ್. ಪ್ರತಿ ಸಲಾನೂ ಇದೇ ಕೊನೆ ಅಂತಿದ್ದ. ಆರು ತಿಂಗಳು ಬಿಟ್ಟು ಮತ್ತೆ ಹಗ್ಗ ಹುಡುಕ್ತಿದ್ದ. ತಲೆನೋವು ಬರಲಿ, ಮೊದಲನೇ ಶಿಬಿರದಿಂದಲೇ ಅಟ್ಟಲಿ, ತನ್ನ ಮೈಗೆ ಬೆಟ್ಟ ಒಗ್ಗಲ್ಲ ಅಂತ ಅವನಿಗೇ ಅನ್ನಿಸಲಿ ಅಂದ್ಕೊಂಡೆ. ರೂಲ್ಸ್ ಇದೆಯಲ್ಲ, ಕಳಿಸ್ತಾರೆ ಅಂತ ನಂಬಿದ್ದೆ. ಸಾಯಲಿ ಅಂತ ಯಾವ ಅಕ್ಕ..."

ಹೇಳಿಕೆ ದಾಖಲಿಸಿ, ಬಾಟಲಿ ವಶಪಡಿಸಿಕೊಂಡು, ಸಂಜೆ ಐದೂವರೆಗೆ ಬಂಧಿಸಿದರು. ಕೋಳ ಹಾಕಲಿಲ್ಲ. ಗೈಡನ್ನು ಮನೆಗೆ ಕಳಿಸುವಂತೆ ಇನ್‌ಸ್ಪೆಕ್ಟರು ಠಾಣೆಗೆ ಫೋನ್ ಮಾಡಿದರು.

ಬಾಗಿಲ ಹತ್ತಿರ ಅವಳು ನಿಂತಳು. "ಒಂದು ಹೇಳಿ ಸಾರ್. ಅಷ್ಟು ನೋವಿದ್ರೂ ಯಾಕೆ ಹೇಳಲಿಲ್ಲ ಅವನು?"

ಗೊತ್ತಿಲ್ಲ ಎಂದುಬಿಡಬಹುದಿತ್ತು. ಆದರೆ ಗೆಳೆಯನ ಹೇಳಿಕೆಯನ್ನು ನಾಳೆ ಕೋರ್ಟಿನಲ್ಲಿ ಎಲ್ಲರೆದುರು ಓದುತ್ತಾರೆ. ಅಲ್ಲಿ ಕೇಳುವುದಕ್ಕಿಂತ ಇಲ್ಲೇ ಕೇಳಲಿ ಎನ್ನಿಸಿತು.

"ತುದಿ ಮುಟ್ಟದೆ ಇಳಿದ್ರೆ ಮತ್ತೆ ಬರಬೇಕಾಗುತ್ತೆ ಅಂದನಂತೆ. ಇದೇ ಕೊನೆ ಅಂತ ನಿಮಗೆ ಮಾತು ಕೊಟ್ಟಿದಾನಂತೆ."

ಅಕ್ಕ ಹಿಂದಿರುಗಿ ಹಾಸಿಗೆಯ ಮೇಲಿದ್ದ ಅಂಗಿಯನ್ನು ನೋಡಿದಳು.

"ಹಾಗಾದ್ರೆ, ಈ ಸಲ ನಿಜ ಹೇಳಿದ್ನಾ?"

ಇನ್‌ಸ್ಪೆಕ್ಟರು ಹೌದೆಂದು ತಲೆಯಾಡಿಸಿದರು. ಮಹಿಳಾ ಪೇದೆ ಹಾಸಿಗೆಯ ಮೇಲಿದ್ದ ಅಂಗಿಯನ್ನು ಮಡಿಸಿ, ಆಸ್ಪತ್ರೆಗೆ ತಲುಪಿಸಲೆಂದು ಜೊತೆಗೆ ತೆಗೆದುಕೊಂಡಳು.