ಪಕ್ಕದಲ್ಲಿ ಕೂತ ಮೀಥೈಲ್

"ಸೋಡ್" ಅಂದ ಸುಮಿತ. ಚಂದನಾಳ ಎದೆ ಧಸಕ್ಕೆಂದಿತು.

ಕಾರವಾರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬು. ಇಬ್ಬರೂ ಗೆಸ್ಟ್ ಲೆಕ್ಚರರ್, ಮೂರು ವರ್ಷದಿಂದ ಒಂದೇ ಬೆಂಚು. ಅವನು ಶಿರವಾಡದ ಕೊಂಕಣಿ ಮನೆಯವನು, ಅವಳು ಅಂಕೋಲೆಯ ಕನ್ನಡದವಳು. ಪ್ರಾಕ್ಟಿಕಲ್‌ಗೆಂದು ಬೆಂಜೋಯಿಕ್ ಆಸಿಡ್ ಟೈಟ್ರೇಶನ್ ನಡೆದಿತ್ತು. ಬ್ಯುರೆಟ್ಟಿನ ತಿರುಪು ಅವಳ ಕೈಯಲ್ಲಿ, ಫ್ಲಾಸ್ಕು ಅವನ ಕೈಯಲ್ಲಿ. ಆಗಷ್ಟೇ ಅವಳು ಹೇಳಿದ್ದಳು:

"ಭಾನುವಾರ ನಂಗೆ ಹೂ ಮುಡಿಸ್ತಾರೆ. ನೀ ಬೇಡ ಅನ್ನು, ಇವತ್ತೇ ಮನೇಲಿ ಹೇಳಿಬಿಡ್ತೆ."

ಅದಕ್ಕೆ ಸಿಕ್ಕ ಉತ್ತರ ಇದು. ಸೋಡ್ ಅಂದ್ರೆ ಕೊಂಕಣಿಯಲ್ಲಿ ಬಿಡು.

ಬಿಟ್ಟಳು. ತಿರುಪನ್ನು ಪೂರ್ತಿ ತಿರುಗಿಸಿದಳು. ಫ್ಲಾಸ್ಕಿನೊಳಗೆಲ್ಲ ಕಡುಗುಲಾಬಿ.

"ಅಯ್ಯೋ ಮಾರಾಯ್ತಿ! ಒಂದು ಹನಿ ಬಿಡು ಅಂದ್ರೆ!"

"ಹನಿಯಾ? ಆಸೆ ಬಿಡು ಅಂದಿ ಅಂತ ತಿಳ್ಕಂಡೆ."

ಹೋದ ಜೀವ ಬಂದಂತಾಗಿ ಅವಳು ನಕ್ಕೇಬಿಟ್ಟಳು. ಅವನ ಕಣ್ಣು ಅವಳ ಮೂಗುತಿಯ ಮೇಲೆ ಒಂದು ಗಳಿಗೆ ನಿಂತು, ಮೆಲ್ಲಗೆ ಕೆಳಗಿಳಿಯಿತು.

"ಮಧ್ಯಾಹ್ನ ಎಂತ ಪಾಠ?"

ಇಂಥ ಹೊತ್ತಿಗೆ ಕೇಳೋ ಪ್ರಶ್ನೆಯೇ ಇದು! ಮಳ್ಳ!

"ಮೀಥೈಲ್," ಅಂದಳು ಸಿಟ್ಟಿನಲ್ಲಿ. "ಬೆಂಜೀನ್ ಉಂಗುರದಲ್ಲಿ ಆಸಿಡ್ ಗುಂಪಿನ ಎದುರಿಗೆ ಕೂತ್ರೆ, ಎಲೆಕ್ಟ್ರಾನ್ ಕೊಟ್ಟು ಕೊಟ್ಟು ಆಸಿಡ್ಡನ್ನ ಸಪ್ಪೆ ಮಾಡ್ತದೆ. ಅದೇ ಮೀಥೈಲ್ ಒತ್ತಿಕೊಂಡು ಪಕ್ಕದಲ್ಲೇ ಕೂತ್ರೆ ಆಸಿಡ್ಡಿಗೆ ಬಲ ಬರ್ತದೆ. ಹಿಡ್ಕಂಡ ಪ್ರೋಟಾನ್ ಬಿಟ್ಟುಕೊಡೂಕೆ ಹೆದರೂದಿಲ್ಲ."

"ಬರೋಬರ್."

"ಮೂರು ವರ್ಷ ನಿನ್ನ ಪಕ್ಕದಲ್ಲೇ ಕೂತೆನಲ್ಲ, ಸುಮಿತ. ನಿಂಗೆ ಯಾಕೆ ಬಲ ಬರ್ಲಿಲ್ಲ?"

ಅವನು ಫ್ಲಾಸ್ಕನ್ನು ಕೆಳಗಿಟ್ಟ.

"ಪ್ರೀತಿ ಇಲ್ಲ ಅಂತ ಅಲ್ಲ. ದೇವರಾಣೆ, ಜೀವಕ್ಕಿಂತ ಹೆಚ್ಚು ಇದೆ. ಆದ್ರೆ ಅಕ್ಕ ವೈಜಯಂತಿ ಬೇರೆ ಜಾತಿಯವನ ಸಂಗ್ತಿ ಹೋದಾಗಿಂದ ಹೆತ್ತ ಆಯಿ ಹೊಸ್ತಿಲು ದಾಟಿಲ್ಲ. ನೀನಾದ್ರೂ ಹಾಗೆ ಮಾಡಬೇಡ ಅಂತ ನನ್ನ ಕೈ ಹಿಡಿದು ಅತ್ತಿದ್ದಾಳೆ. ಮಾತು ಕೊಟ್ಟುಬಿಟ್ಟೆ, ಚಂದನಾ."

ಬಯ್ಯಬೇಕು ಅನ್ನಿಸಿತು ಅವಳಿಗೆ. ಆದರೆ ಅವನ ಕಣ್ಣು ತುಂಬಿದ್ದು ಕಂಡು, ಮುದ್ದೇ ಬಂತು. ದರಿದ್ರ ಮುದ್ದು! ಸೆರಗಿನ ತುದಿಯಿಂದ ಅವನ ಕಣ್ಣೊರೆಸಿದಳು. ಮುಟ್ಟಿದ್ದು ಅದೇ ಮೊದಲು.

"ಭಾನುವಾರ ಬರ್ಲಾ?" ಅಂದ.

"ಬೇಡ. ನಿನ್ನ ಮುಖ ಕಂಡ್ರೆ ನಾ ಹೂ ಕಿತ್ತು ಬಿಸಾಕ್ತೆ."

ಭಾನುವಾರ ಅತ್ತೆಯಾಗುವವರು ಹೂ ಮುಡಿಸುವಾಗ ತಲೆ ಬಗ್ಗಿಸಿಕೊಂಡೇ ಬಾಗಿಲು ನೋಡಿದಳು ಚಂದನಾ. ನಾಲ್ಕು ಸಲ ನೋಡಿದಳು. ಅವನು ಬರಲಿಲ್ಲ. ಆಯಿಯ ಮಾತನ್ನು ಮೀರದವನು ಅವಳ ಮಾತನ್ನೂ ಮೀರಲಿಲ್ಲ.